ಹುಳದ ಮನೆಯ ಸುಣ್ಣದ ಗೆರೆ

ಮನೆಯಲ್ಲಿ ಯಾರು ಯಾರು ಇದ್ದೀರಿ, ಯಾರು ಎಲ್ಲಿ ಮಲಗುತ್ತೀರಿ ಎಂದು ಫೋನು ಕೇಳಿತು. ದನಿ ಹೆಂಗಸಿನದು, ಮಾತು ಪುಸ್ತಕದ್ದು. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಸುನೀಲ್‌ಕುಮಾರ್ ಅದನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಉತ್ತರ ಹೇಳಿದ.

“ನಾನು, ನನ್ನ ಮಿಸೆಸ್ಸು. ನಮಗೊಂದು ಬೆಡ್‌ರೂಮು. ಅಪ್ಪಂಗೊಂದು. ಮಂಚ ಎತ್ತರಕ್ಕೆ ಇರ್ಬೇಕು, ಮಂಡಿ ನೋವಿದೆ. ಆಮೇಲೆ ನೆಂಟರು ಬಂದ್ರೆ ಇರೋಕೆ ಒಂದು ರೂಮು. ಅಷ್ಟೇ.”

ಅವನ ತಾಯಿ ವೆಂಕಟರತ್ನಮ್ಮ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಗ ಹೇಳಿದ್ದು ಅವಳ ಕಿವಿಗೆ ಬಿತ್ತು. ಮೊದಲಿಗೆ ಏನೂ ಅನ್ನಿಸಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿದು, ಸಿಪ್ಪೆಯನ್ನು ಹಸುವಿನ ಮುಂದೆ ಸುರಿದು ಬಂದು ಮತ್ತೆ ಕೂತಾಗ, ಹಾಗಾದರೆ ನಾನೆಲ್ಲಿ ಎಂಬ ಮಾತು ತಲೆಗೆ ಬಂತು. ಬಂದದ್ದನ್ನು ಬಾಯಿಗೆ ತರಲಿಲ್ಲ. ಮಗ ಬೇಕೆಂದು ಬಿಟ್ಟದ್ದಲ್ಲ ಎಂದು ಅವಳಿಗೆ ಗೊತ್ತು. ಅವನನ್ನು ಕೇಳಿದ್ದರೆ, ಅಮ್ಮ ಎಲ್ಲಾ ಕಡೆ ಇರ್ತಾಳಲ್ಲ, ಅವಳಿಗೆ ಬೇರೆ ಏನು ಹೇಳೋದು ಅನ್ನುತ್ತಿದ್ದ.

ಊರು ಜಂಗಮಕೋಟೆಯ ಮಗ್ಗುಲಿನ ಒಂದು ಹಳ್ಳಿ. ಅಣ್ಣತಮ್ಮಂದಿರು ಭಾಗವಾದಾಗ ಊರೊಳಗಿನ ಈ ಹಳೇ ಮನೆ ರತ್ನಮ್ಮನ ಮೈದುನನ ಪಾಲಿಗೆ ಹೋಯಿತು. ಇವರ ಪಾಲಿಗೆ ತೋಟದ ಅಂಚಿನ ಹುಳದ ಮನೆ ಬಂತು. ರೇಷ್ಮೆ ಹುಳು ಸಾಕಲೆಂದು ಕಟ್ಟಿದ್ದು ಅದು. ಉದ್ದಕ್ಕೆ ಇದೆ, ಎತ್ತರಕ್ಕೆ ಇದೆ, ಕಿಟಕಿಗಳಿಗೆಲ್ಲ ನೊಣ ನುಗ್ಗದ ಹಾಗೆ ಬಲೆ ಹೊಡೆದಿದೆ. ಹುಳ ಸಾಕುವುದನ್ನು ಬಿಟ್ಟು ಒಂದು ವರ್ಷವಾಗುತ್ತಾ ಬಂದಿತ್ತು. ರೆಂಬೆ ಕಡಿಯುವ ಆಳು ಸಿಗುತ್ತಿರಲಿಲ್ಲ, ಗಂಡ ನರಸಿಂಹಪ್ಪನ ಮಂಡಿ ಬಗ್ಗುತ್ತಿರಲಿಲ್ಲ, ಇವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಹಿಪ್ಪುನೇರಳೆ ತೋಟವನ್ನು ಮುನಿವೆಂಕಟಪ್ಪನಿಗೆ ಗುತ್ತಿಗೆಗೆ ಕೊಟ್ಟರು. ಖಾಲಿ ಬಿದ್ದ ಹುಳದ ಮನೆಯನ್ನೇ ಒಳಗೆ ಗೋಡೆ ಎಬ್ಬಿಸಿ ವಾಸದ ಮನೆ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಯುಗಾದಿಗೆ ಹಳೇ ಮನೆ ಬಿಟ್ಟುಕೊಡಬೇಕು.

ಸುನೀಲ ಶಿಡ್ಲಘಟ್ಟದಲ್ಲಿ ಲೈನ್‌ಮನ್. ಸೊಸೆ ಮೌನಿಕಾ ಚಿಂತಾಮಣಿ ಕಡೆಯ ಹುಡುಗಿ, ಜಂಗಮಕೋಟೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾಳೆ. ಮನೆಯ ಒಳಗಡೆ ಹೇಗಿರಬೇಕು ಅನ್ನುವುದನ್ನು ಎಐ ಹತ್ತಿರ ಕೇಳೋಣ ಎಂದವಳು ಅವಳೇ. ಖಾಲಿ ಮನೆಯ ಫೋಟೋ ತೆಗೆದು, ಅಳತೆ ಹೇಳಿ, ಏನೇನು ಬೇಕೋ ಬಾಯಲ್ಲಿ ಹೇಳಿದರೆ ಸಾಕು, ಮುಗಿದ ಮನೆಯ ಚಿತ್ರ ಬರೆದು ತೋರಿಸುತ್ತದಂತೆ.

ಅವತ್ತು ಸಂಜೆ ಚಿತ್ರ ಬಂತು. ಮೌನಿಕಾ ಎಲ್ಲರನ್ನೂ ಕೂರಿಸಿಕೊಂಡು ತೋರಿಸಿದಳು. ರತ್ನಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ನೆಲ ಹಾಲಿನ ಹಾಗಿತ್ತು. ಅಡುಗೆಮನೆಗೆ ಗೋಡೆ ಇರಲಿಲ್ಲ, ಒಲೆಯ ಮುಂದೆ ನಿಂತರೆ ಸೋಫಾ ಕಾಣುತ್ತಿತ್ತು. ಹಜಾರದ ಗೋಡೆಯ ಮೇಲೆ ದೊಡ್ಡ ದೊಡ್ಡ ಬಿದಿರಿನ ತಟ್ಟೆಗಳು, ಒಳಗೆ ಸುರುಳಿ ಸುರುಳಿ ಪಟ್ಟಿ.

“ಇದು ನಮ್ಮ ಚಂದ್ರಿಕೆ ಅಲ್ವೇನಮ್ಮ,” ಎಂದಳು ರತ್ನಮ್ಮ. ಹಣ್ಣಾದ ಹುಳು ಗೂಡು ಕಟ್ಟಲಿಕ್ಕೆ ಬಿಡುವ ತಟ್ಟೆ ಅದು. ಫೋಟೋ ತೆಗೆದಾಗ ಹಳೇ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡಿದ್ದವು. ಫೋನು ಅವನ್ನು ಅಲಂಕಾರ ಎಂದುಕೊಂಡು ಸಾಲಾಗಿ ಮೇಲೇರಿಸಿ, ಒಂದೊಂದರ ಹಿಂದೆ ದೀಪವನ್ನೂ ಇಟ್ಟಿತ್ತು.

“ಚೆನ್ನಾಗಿದೆ ಅಲ್ವಾ ಅತ್ತೆ? ಟ್ರೆಡಿಷನಲ್ ಲುಕ್ಕು.”

“ಚೆನ್ನಾಗೈತೆ. ಹಲ್ಲಿಗೂ ಚೆನ್ನಾಗಿರ್ತದೆ.”

ನರಸಿಂಹಪ್ಪ ಬೀಡಿ ಆರಿಸಿ ಇಣುಕಿ ನೋಡಿದ. “ಅಡುಗೆಮನೆಗೆ ಗೋಡೆ ಯಾಕಿಲ್ಲ? ಇಟ್ಟಿಗೆ ಸಾಲ್ದೇ ಹೋಯ್ತಾ ನಿನ್ನ ಫೋನಿಗೆ?”

“ಓಪನ್ ಕಿಚನ್ನು ಮಾವ. ಎಲ್ರೂ ಹಂಗೇ ಮಾಡಿಸ್ತಾರೆ ಈಗ.”

“ಇವಳು ಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಟಿವಿನೂ ಕೆಮ್ತದೆ, ನೋಡ್ತಿರು.”

ಎಲ್ಲರೂ ನಕ್ಕರು. ರತ್ನಮ್ಮನೂ ನಕ್ಕಳು. ಆಮೇಲೆ ಮೌನಿಕಾ ಒಂದೊಂದೇ ರೂಮು ತೋರಿಸುತ್ತಾ ಹೋದವಳು ನೆಂಟರ ರೂಮಿನ ಹತ್ತಿರ ನಿಂತುಬಿಟ್ಟಳು. “ರೀ, ಅತ್ತೆಗೆ?” ಎಂದು ಗಂಡನ ಮುಖ ನೋಡಿದಳು.

ಸುನೀಲ ತಲೆ ಕೆರೆದುಕೊಂಡ. “ನೆಂಟರ ರೂಮಿದೆಯಲ್ಲ. ಅವರು ಇಲ್ದಿದ್ದಾಗ ಅಮ್ಮ ಮಲಗ್ತಾಳೆ.”

“ಬಂದಾಗ?”

“ಬಂದಾಗ ಎಲ್ಲೋ ಒಂದು ಕಡೆ. ಅಮ್ಮ ಯಾವತ್ತು ರೂಮಲ್ಲಿ ಮಲಗಿದ್ದಾಳೆ?”

ಅದು ಸುಳ್ಳಲ್ಲ.

ರತ್ನಮ್ಮ ಹುಟ್ಟಿದ್ದು ಮಂಚೇನಹಳ್ಳಿ ಕಡೆ. ಹಿರೀಮಗಳು, ಹಾಗಾಗಿ ಬಾಗಿಲ ಮಗ್ಗುಲಲ್ಲಿ ಮಲಗುತ್ತಿದ್ದಳು. ಬೀದಿ ನಲ್ಲಿಗೆ ನೀರು ಬಿಟ್ಟರೆ ಮೊದಲು ಎಬ್ಬಿಸಲಿಕ್ಕೆ ಕೈಗೆ ಸಿಗುವ ಮಗು ಅದೇ. ಮದುವೆಯಾಗಿ ಇಲ್ಲಿಗೆ ಬಂದಾಗ ಹೊಸ ಗಂಡಹೆಂಡಿರಿಗೆ ಕೊಟ್ಟದ್ದು ರಾಗಿ ತುಂಬಿಡುವ ಕೋಣೆ. ಬೆಳಕು ಹರಿಯುವ ಮೊದಲೇ ಅತ್ತೆ ಬಂದು, “ಸ್ವಲ್ಪ ಏಳಮ್ಮ, ರಾಗಿ ತಗೋಬೇಕು,” ಅನ್ನುತ್ತಿದ್ದರು. ಮಗ ಹುಟ್ಟಿದ ಮೇಲೆ ಹಾಸಿಗೆ ಹಜಾರಕ್ಕೆ ಬಂತು. ಮಾವನವರು ಊರಿನ ನಾಲ್ಕು ಜನಕ್ಕೆ ಬೇಕಾದವರು. ಹೊತ್ತಿಲ್ಲದ ಹೊತ್ತಿನಲ್ಲಿ ಯಾರಾದರೂ ಬರುತ್ತಿದ್ದರು. “ಸ್ವಲ್ಪ ಏಳಮ್ಮ, ದೊಡ್ಡೋರು ಬಂದವ್ರೆ.” ಮಾವ ಹೋದರು, ಹಜಾರಕ್ಕೆ ಗಂಡನ ಮಂಚ ಬಂತು. ರತ್ನಮ್ಮನ ಚಾಪೆ ಅಡುಗೆಮನೆಗೂ ಕೊಟ್ಟಿಗೆಗೂ ನಡುವಿನ ಓಣಿಗೆ ಹೋಯಿತು. ಬಚ್ಚಲಿಗೆ ಹೋಗುವವರೆಲ್ಲ ಆ ದಾರಿಯಲ್ಲೇ ಹೋಗಬೇಕು. “ಸ್ವಲ್ಪ ಏಳಮ್ಮ, ದಾಟ್ಕೋತೀನಿ.” ಕೆಟ್ಟ ಮಾತಲ್ಲ ಅದು. ಯಾರೂ ಗದರಿಸಿ ಹೇಳಿದ್ದಿಲ್ಲ, ಎಲ್ಲರೂ ಮರ್ಯಾದೆಯಿಂದಲೇ ಹೇಳಿದ್ದು. ಅದಕ್ಕೇ ಎದ್ದೆದ್ದು ಅಭ್ಯಾಸವಾಗಿ ಹೋಯಿತು.

ಈ ಅಭ್ಯಾಸ ನಡೆಯದ ಜಾಗ ಒಂದೇ ಒಂದಿತ್ತು. ಅದು ಹುಳದ ಮನೆ.

ಹುಳ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಆ ಮನೆಗೆ ಮಡಿ. ಬಾಗಿಲಲ್ಲಿ ಅಡ್ಡಕ್ಕೆ ಸುಣ್ಣದ ಪುಡಿ ಗೆರೆ ಹಾಕಿರುತ್ತಾರೆ. ಕೈಕಾಲು ತೊಳೆದು, ಸುಣ್ಣ ಮೆಟ್ಟಿ ಒಳಗೆ ಹೋಗಬೇಕು, ಅದೂ ಹುಳ ನೋಡಿಕೊಳ್ಳುವವರು ಮಾತ್ರ. ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆ, ಊದುಬತ್ತಿ ವಾಸನೆಯಾದರೂ ಹುಳ ಸೊಪ್ಪು ಬಿಡುತ್ತದೆ. ಬೀಡಿ ಸೇದುವ ನರಸಿಂಹಪ್ಪನಂತೂ ಗೆರೆ ದಾಟಿದವನೇ ಅಲ್ಲ. ಸೊಪ್ಪಿನ ಹೊರೆ ತಂದು ಗೆರೆಯ ಆಚೆ ಇಳಿಸುತ್ತಿದ್ದ, ರತ್ನಮ್ಮ ಈಚೆಯಿಂದ ಎಳೆದುಕೊಳ್ಳುತ್ತಿದ್ದಳು. ಒಂದು ಸಲ ಅವಳ ಚಿಕ್ಕತ್ತೆ ಮಗಳ ಮದುವೆಗೆ ಕರೆಯಲಿಕ್ಕೆ ಬಂದವರು, ಲಗ್ನಪತ್ರಿಕೆಯನ್ನು ಗೆರೆಯ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಕಲ್ಲು ಹೇರಿ, ಹೊರಗಿನಿಂದಲೇ ಕೂಗಿ ಹೇಳಿ ಹೋದರು. ಬೇಜಾರು ಮಾಡಿಕೊಳ್ಳಲಿಲ್ಲ. ಹುಳದ ಮನೆ ಅಂದರೆ ಹಾಗೇ.

ಕೆಲಸ ಏನೂ ಕಡಿಮೆ ಇರಲಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹುಳ ಎದ್ದ ಮೇಲೆ ಸೊಪ್ಪು ಹಾಕಿ ಹಾಕಿ ತೋಳು ಬಿದ್ದುಹೋಗುತ್ತಿತ್ತು. ಆದರೆ ಒಂದು ಸಲ ಸೊಪ್ಪು ಹಾಕಿ ಇನ್ನೊಂದು ಸಲ ಹಾಕುವವರೆಗಿನ ಹೊತ್ತು ಅವಳದು. ಹಿಂದಿನ ತುದಿಯಲ್ಲಿ, ಕಡಿದು ತಂದ ಸೊಪ್ಪು ಕೂಡಿಡುವ ಸೊಪ್ಪಿನ ಕೋಣೆಯ ಗೋಡೆ ಒಂದು ಕಡೆ, ಸಣ್ಣ ಕಿಟಕಿ ಇರುವ ಗೋಡೆ ಒಂದು ಕಡೆ, ಬೆನ್ನಿಗೆ ಹಿಂಗೋಡೆ. ಆ ಸಂದಿನಲ್ಲಿ ಗೋಣಿ ಹಾಸಿ ಅದರ ಮೇಲೆ ಚಾಪೆ ಹಾಕಿ ಮಲಗುತ್ತಿದ್ದಳು. ಅಲ್ಲಿ ಅವಳನ್ನು ಎಬ್ಬಿಸುತ್ತಿದ್ದದ್ದು ಹುಳದ ಹಸಿವೊಂದೇ. ಅದು ಮಾತಾಡುವುದಿಲ್ಲ.

ಈಗ ಹುಳವೂ ಇಲ್ಲ, ಗೆರೆಯೂ ಇಲ್ಲ. ಒಂದು ವರ್ಷದಿಂದ ಓಣಿಯ ಚಾಪೆಯೇ.

“ಅತ್ತೆ, ನೀವೇ ಹೇಳ್ಬಿಡಿ ಇದಕ್ಕೆ,” ಎಂದು ಮೌನಿಕಾ ಫೋನನ್ನು ಅವಳ ಕೈಗೆ ಕೊಟ್ಟಳು. “ನಿಮ್ಗೆ ಏನು ಬೇಕೋ ಹೇಳಿ, ಕನ್ನಡದಲ್ಲೇ. ಸಂಕೋಚ ಬೇಡ.”

ರತ್ನಮ್ಮ ಕೈ ಒರೆಸಿಕೊಂಡು ಹಿಡಿದುಕೊಂಡಳು. ನಿಮ್ಮ ದಿನ ಹೇಗಿರುತ್ತದೆ, ಮೊದಲು ಅದನ್ನು ಹೇಳಿ ಎಂದಿತು ಫೋನು. ಅವಳು ಹೇಳಿದಳು. ಕೋಳಿ ಕೂಗುವಾಗ ಏಳ್ತೀನಿ. ಹಸು ಕರೆದು ಡೈರಿಗೆ ಹಾಲು ಕಳಿಸ್ತೀನಿ. ನೀರೊಲೆ ಹಚ್ತೀನಿ. ಮಗಂಗೂ ಸೊಸೆಗೂ ಡಬ್ಬಿ ಕಟ್ತೀನಿ. ಇವರಿಗೆ ಕಾಫಿ ಮೂರು ಸಲ. ಸಗಣಿ ಬಾಚೋದು, ಹುಲ್ಲು ಹಾಕೋದು, ಮಧ್ಯಾಹ್ನದ ಮುದ್ದೆ, ಮತ್ತೆ ಹಸು, ಮತ್ತೆ ಒಲೆ. ಫೋನು ನಡುವೆ ಬಾಯಿ ಹಾಕಲಿಲ್ಲ. ‘ಆಯ್ತು ಬಿಡಮ್ಮ’ ಅನ್ನಲಿಲ್ಲ. ಕೊನೆಗೆ, ಮಲಗುವ ಜಾಗದ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿತು.

ಮೂರು ಜನ ಅವಳ ಮುಖವನ್ನೇ ನೋಡುತ್ತಿದ್ದರು. “ಎಲ್ಲಾದ್ರೂ ಆಗ್ತದೆ,” ಎಂದಳು ರತ್ನಮ್ಮ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು.

ಹೊಸ ಚಿತ್ರ ಬಂತು. ಅಡುಗೆಮನೆಗೂ ಹಿಂಬಾಗಿಲಿಗೂ ನಡುವೆ ಗೋಡೆಗೆ ಅಂಟಿದ ಹಾಗೆ ಒಂದು ಕಿರಿದಾದ ಮಂಚ. ಕೆಳಗೆ ಪಾತ್ರೆ ಇಡಲಿಕ್ಕೆ ಡ್ರಾಯರ್. ನೀವು ಬೇಗ ಏಳುವುದರಿಂದ ಒಲೆಗೂ ಕೊಟ್ಟಿಗೆಗೂ ಸಮೀಪವಾಗುವಂತೆ ಸ್ಥಳ ಕೊಡಲಾಗಿದೆ, ನಡೆದಾಡುವ ಶ್ರಮ ಕಡಿಮೆಯಾಗುತ್ತದೆ ಎಂದು ಫೋನು ವಿವರಿಸಿತು.

“ನೋಡಮ್ಮ, ನಿನ್ನ ಮನಸ್ಸಲ್ಲಿರೋದನ್ನೇ ಬರೆದೈತೆ,” ಎಂದ ಸುನೀಲ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ರತ್ನಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅದೇ ಓಣಿ. ಬಣ್ಣ ಹೊಡೆದಿತ್ತು, ಅಷ್ಟೇ. ತಪ್ಪು ಫೋನಿನದೂ ಅಲ್ಲ. ಅವಳು ಹೇಳಿದ್ದು ಕೆಲಸ, ಅದು ಕೊಟ್ಟದ್ದೂ ಕೆಲಸಕ್ಕೆ ಒಪ್ಪುವ ಜಾಗ. ಬೇಕಾದ್ದನ್ನು ಅವಳು ಹೇಳಲೇ ಇಲ್ಲವಲ್ಲ.

“ಇದಕ್ಕೆ ಬಾಗಿಲು ಇಲ್ವಲ್ಲಪ್ಪ,” ಎಂದಳು.

“ದಾರಿಗೆ ಯಾರಾದ್ರೂ ಬಾಗಿಲು ಇಡ್ತಾರೇನಮ್ಮ? ಬೇಕಾದ್ರೆ ಕರ್ಟನ್ ಹಾಕಣ.”

“ಸರಿ ಬಿಡು,” ಎಂದು ಎದ್ದು ಮುದ್ದೆಗೆ ಎಸರಿಡಲು ಹೋದಳು.

ಭಾನುವಾರ ಮೇಸ್ತ್ರಿ ಮುನೇಶ್ ಬಂದ. ಅವನದೊಂದು ಪದ್ಧತಿ. ಗೋಡೆ ಬರುವಲ್ಲೆಲ್ಲ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾನೆ. ಗೆರೆಯ ಮೇಲೆ ಗಾರೆ ಇಲ್ಲದೆ ಒಂದು ಸಾಲು ಇಟ್ಟಿಗೆ ಜೋಡಿಸುತ್ತಾನೆ. ಮನೆಯವರು ಅದರೊಳಗೆ ಓಡಾಡಿ ನೋಡಿ ಹ್ಞೂ ಅಂದ ಮೇಲೆಯೇ ಗಾರೆ ಕಲಸುವುದು. ಸುನೀಲ ಫೋನು ಹಿಡಿದುಕೊಂಡು ಅಳತೆ ಹೇಳುತ್ತಾ ಹೋದ, ಮುನೇಶ್ ಗೆರೆ ಎಳೆಯುತ್ತಾ ಹೋದ.

“ಎಲ್ಲಾ ಇದೇ ಹೇಳ್ತದಲ್ಲ ಸುನೀಲಪ್ಪ. ಇಟ್ಟಿಗೆ ಹೊರ್ತದಾ ಕೇಳು ಒಂದ್ಮಾತು.”

“ಅದನ್ನೂ ಕಲೀತದೆ ಇರಣ್ಣ. ಆಗ ನಿನ್ನ ಗತಿ?”

“ಆಗ ಅದಕ್ಕೆ ಎಲೆಅಡಿಕೆ ನಾನು ಮಡಚಿಕೊಡ್ತೀನಿ.”

ಸೊಪ್ಪಿನ ಕೋಣೆಯ ಗೋಡೆ ಒಡೆಯಬೇಕು, ಆ ಹಿಂದಿನ ತುದಿ ಹಜಾರಕ್ಕೆ ಸೇರುತ್ತದೆ, ಅಲ್ಲಿ ಟಿವಿ ಬರುತ್ತದೆ ಎಂದು ಸುನೀಲ ತೋರಿಸಿದ. ಗೋಡೆ ಒಡೆಯುವುದು ನಾಳೆ ಎಂದಾಯಿತು. ಎಲ್ಲರೂ ಊಟಕ್ಕೆ ಹಳೇ ಮನೆಗೆ ಬಂದರು. ರತ್ನಮ್ಮ ಅವರೆಕಾಳು ಸಾರು, ಮುದ್ದೆ ಬಡಿಸಿದಳು. ಊಟವಾದ ಮೇಲೆ ಸುನೀಲ ಟೈಲ್ಸ್ ನೋಡಿಕೊಂಡು ಬರುತ್ತೇನೆಂದು ಮೌನಿಕಾಳನ್ನು ಕೂರಿಸಿಕೊಂಡು ಬೈಕಿನಲ್ಲಿ ಶಿಡ್ಲಘಟ್ಟಕ್ಕೆ ಹೋದ. ನರಸಿಂಹಪ್ಪ ಮಂಚ ಹಿಡಿದ. ಮುನೇಶ್ ಎಲೆಅಡಿಕೆ ಹಾಕಿಕೊಂಡು ಬೇವಿನಮರದ ಕೆಳಗೆ ಕೂತ.

ಕೆಲಸದವರು ಕುಡಿದ ಲೋಟ, ಚೊಂಬು ಹುಳದ ಮನೆಯಲ್ಲೇ ಉಳಿದಿದ್ದವು. ತರಲೆಂದು ರತ್ನಮ್ಮ ಹೋದಳು. ಒಳಗೆ ತಂಪಾಗಿತ್ತು. ನೆಲದ ತುಂಬ ಬಿಳೀ ಗೆರೆ. ಇದು ನೆಂಟರದು, ಇದು ಟಿವಿಯದು ಎಂದು ದಾಟಿಕೊಂಡು ಹಿಂದಿನ ತುದಿಗೆ ಬಂದಳು. ಸೊಪ್ಪಿನ ಕೋಣೆಯ ಗೋಡೆಗೆ ಇನ್ನೂ ಸೊಪ್ಪಿನ ವಾಸನೆ ಇತ್ತು. ನಾಳೆ ಇದೂ ಇರುವುದಿಲ್ಲ. ಗೋಡೆ ಹಿಡಿದು ನಿಂತಳು. ನಿಂತದ್ದೇ ತಡ, ಸೊಂಟ ಇನ್ನು ಆಗುವುದಿಲ್ಲ ಅಂದಿತು.

ಮೂಲೆಯಲ್ಲಿ ಹಳೇ ಗೋಣಿಗಳಿದ್ದವು. ಕೊಡವಿ ಹಾಸಿದಳು. ಮಲಗುವ ಮೊದಲು ಮುನೇಶ್ ಬಿಟ್ಟುಹೋಗಿದ್ದ ಬೋಗುಣಿಯಿಂದ ಒಂದು ಹಿಡಿ ಸುಣ್ಣದ ಪುಡಿ ತಗೊಂಡು, ಈ ಗೋಡೆಯಿಂದ ಆ ಗೋಡೆಯವರೆಗೆ ಅಡ್ಡಕ್ಕೆ ಗೆರೆ ಹಾಕಿದಳು. ಯಾಕೆ ಎಂದು ಯೋಚಿಸಲಿಲ್ಲ. ಇಲ್ಲಿ ಮಲಗಬೇಕಾದರೆ ಗೆರೆ ಇರಬೇಕು, ಅಷ್ಟೇ. ಕೈ ಕೊಡವಿಕೊಂಡು ಗೆರೆಯ ಒಳಗೆ ಮಲಗಿದಳು. ಲೋಟ, ಚೊಂಬು ಇದ್ದಲ್ಲೇ ಇದ್ದವು.

ಎಚ್ಚರವಾದಾಗ ಬಿಸಿಲು ಕಿಟಕಿಯಿಂದ ಇಳಿದು ಗೋಣಿಯ ಅಂಚಿಗೆ ಬಂದಿತ್ತು. ಮಗನ ದನಿ ಕೇಳಿಸುತ್ತಿತ್ತು.

“ಇದೇನಣ್ಣ ಇದು? ಇಲ್ಲಿ ಯಾಕೆ ಇಟ್ಟಿಗೆ ಇಟ್ಟಿದ್ದೀಯ?”

“ಗೆರೆ ಇತ್ತು, ಇಟ್ಟೆ.”

“ಫೋನಲ್ಲಿ ಇಲ್ವಲ್ಲ ಇದು.”

“ಫೋನು ನೀನು ತಗೊಂಡು ಹೋಗಿದ್ದೆ. ನೆಲದ ಮೇಲೆ ಇತ್ತು. ಬೆಳಿಗ್ಗೆ ನಾನು ಇಲ್ಲಿ ಎಳೆದ ನೆನಪಿಲ್ಲ, ಆದ್ರೆ ಊಟಕ್ಕೆ ಹೋದ ಮೇಲೆ ನೀನೇ ಎಳೆದಿದ್ದೀಯೇನೋ ಅಂದ್ಕೊಂಡೆ. ಕೇಳಣ ಅಂದ್ರೆ ಅಕ್ಕ ಮಲಗಿದ್ಲು. ಸದ್ದಾಗ್ದಂಗೆ ಇಟ್ಟಿದ್ದೀನಿ, ಒಂದು ಇಟ್ಟಿಗೆ ಟಣ್ ಅಂದಿಲ್ಲ.”

ರತ್ನಮ್ಮ ತಲೆ ಹೊರಳಿಸಿ ನೋಡಿದಳು. ಅವಳ ಗೆರೆಯ ಉದ್ದಕ್ಕೂ ಕೆಂಪು ಇಟ್ಟಿಗೆಯ ಸಾಲು. ಅದರ ಆಚೆ ಮಗನ ಬೂಟು, ಮುನೇಶನ ಬರಿಗಾಲು. ಎರಡು ಹೆಜ್ಜೆ ಹಿಂದೆ ನರಸಿಂಹಪ್ಪನ ಪಾದ. ಅವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದಿದ್ದ.

ಸುನೀಲ ಇಟ್ಟಿಗೆಯ ಸಾಲನ್ನು ದಾಟಿ ಒಳಗೆ ಬಂದು ಬಗ್ಗಿದ. “ಅಮ್ಮ, ಎಚ್ಚರಾಯ್ತಾ? ಸ್ವಲ್ಪ ಏಳಮ್ಮ. ಟೈಲ್ಸಿಗೆ ಅಳತೆ ತಗೋಬೇಕು, ಅಂಗಡಿಯವನು ಕಾಯ್ತಾವ್ನೆ ಫೋನಿಗೆ.”

ಏಳಲೆಂದು ರತ್ನಮ್ಮನ ಕೈ ಆಗಲೇ ನೆಲಕ್ಕೆ ಊರಿಕೊಂಡಿತ್ತು. ಅವಳು ಆ ಕೈಯನ್ನು ನೋಡಿದಳು. ಮತ್ತೆ ಎತ್ತಿ ಎದೆಯ ಮೇಲಿಟ್ಟುಕೊಂಡಳು.

“ಏಳಲ್ಲಪ್ಪ,” ಎಂದಳು.

“ಹುಷಾರಿಲ್ವಾ?”

“ಹುಷಾರಾಗಿದ್ದೀನಿ. ಸುಸ್ತಾಗೈತೆ. ಇಲ್ಲೇ ಮಲಗ್ತೀನಿ.”

“ಆಮೇಲೆ ಮಲ್ಕೋ. ಈಗ ಒಂದು ನಿಮಿಷ ಎದ್ದು...”

“ಈಗ ಅಲ್ಲ ಕಣಪ್ಪ. ಯಾವಾಗ್ಲೂ. ಈ ಜಾಗ ನನಗೆ ಬಿಟ್ಬಿಡು. ಮಂಚ ಬೇಡ, ಡ್ರಾಯರ್ ಬೇಡ. ಈ ಗೋಡೆ ಒಡೀಬೇಡ, ಇಲ್ಲಿಗೊಂದು ಬಾಗಿಲಿಡಿಸು. ಯಾರೂ ಬಂದು ನನ್ನ ಏಳು ಅನ್ಬಾರ್ದು. ಅಷ್ಟೇ ನನಗೆ ಬೇಕಾಗಿರೋದು. ಅವತ್ತು ಫೋನಿಗೆ ಹೇಳೋಕೆ ಬರಲಿಲ್ಲ.”

ಅಷ್ಟು ಉದ್ದದ ಮಾತನ್ನು ಅವಳು ಮಲಗಿಕೊಂಡೇ ಹೇಳಿದ್ದು ಅದೇ ಮೊದಲು. ಸುನೀಲ ಬಾಗಿಲ ಕಡೆ ತಿರುಗಿ, “ಅಪ್ಪ, ನೀನಾದ್ರೂ ಹೇಳು. ಟಿವಿ ಎಲ್ಲಿಗೆ ಹೋಗ್ಬೇಕು?” ಎಂದ.

ನರಸಿಂಹಪ್ಪ ಇದ್ದಲ್ಲಿಂದ ಕದಲಲಿಲ್ಲ. “ನೀನು ಮೊದ್ಲು ಈಚೆ ಬಾ,” ಎಂದ.

“ಯಾಕೆ?”

“ಬೂಟು ಹಾಕ್ಕೊಂಡು ಗೆರೆ ದಾಟಿದ್ದೀಯಲ್ಲೋ. ನಾನು ಇಷ್ಟು ವರ್ಷ ದಾಟಿದ್ದೀನಾ? ಕೇಳು ಅವಳನ್ನ.”

“ಅದು ಹುಳ ಇದ್ದಾಗಪ್ಪ.”

“ಹುಳಕ್ಕೇ ಅಷ್ಟು ಮಾಡಿದ್ವಿ,” ಎಂದ ನರಸಿಂಹಪ್ಪ. ಮುನೇಶನ ಕಡೆ ತಿರುಗಿ, “ಗಾರೆ ಕಲಸ್ತೀಯೇನಯ್ಯ?” ಎಂದ.

ಸುನೀಲ ಈಚೆ ಬಂದ. ಬಾಗಿಲ ಹತ್ತಿರ ನಿಂತಿದ್ದ ಮೌನಿಕಾ ಗಂಡನ ಕೈಯಿಂದ ಫೋನು ತೆಗೆದುಕೊಂಡು, ಗೆರೆಯ ಆಚೆಯಿಂದಲೇ ಫೋಟೋ ತೆಗೆದು, ಇಲ್ಲಿ ಗೋಡೆ ಬರುತ್ತದೆ, ಬಾಗಿಲು ಬರುತ್ತದೆ, ಇದು ಅತ್ತೆಯ ರೂಮು ಎಂದು ಮೆಲ್ಲಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಚಿತ್ರ ಬಂತು. ಹಜಾರ ಚಿಕ್ಕದಾಗಿತ್ತು, ಟಿವಿ ನೆಂಟರ ರೂಮಿಗೆ ಹೋಗಿತ್ತು. ಸುನೀಲ ಅದನ್ನು ನೋಡಿ ಉಸಿರು ಬಿಟ್ಟ. ಬೇಡ ಅನ್ನಲಿಲ್ಲ. ಮೌನಿಕಾ ಬಗ್ಗಿ, ಫೋನು ಹಿಡಿದ ಕೈಯನ್ನು ಮಾತ್ರ ಇಟ್ಟಿಗೆಯ ಮೇಲಿನಿಂದ ಒಳಗೆ ಚಾಚಿದಳು.

“ಅತ್ತೆ, ನೋಡಿ. ಸರಿ ಇದೆಯಾ?”

ಕಿರಿದಾದ ಕೋಣೆ, ಬಲೆಯ ಕಿಟಕಿ, ಒಂದು ಮಂಚ. ಮಂಚದ ಪಕ್ಕ ಗಾಜಿನ ಹೂದಾನಿಯಲ್ಲಿ ಬಿಳೀ ಹೂವು.

“ಹೂದಾನಿ ತೆಗೆಸಮ್ಮ,” ಎಂದಳು ರತ್ನಮ್ಮ. “ಅದಕ್ಕೆ ನೀರು ಯಾರು ಬದಲಾಯಿಸ್ತಾರೆ?”

ಮೌನಿಕಾ ಹೂದಾನಿ ತೆಗೆಸಿದಳು. ಮುನೇಶ್ ಕುಕ್ಕರುಗಾಲಲ್ಲಿ ಕೂತು, “ಅಕ್ಕ, ಬಾಗಿಲು ಯಾವ ಕಡೆಗೆ ಬಿಡ್ಲಿ?” ಎಂದು ಕೇಳಿದ.

ಅವಳು ಮಲಗಿದಲ್ಲಿಂದಲೇ ಕೈ ತೋರಿಸಿದಳು. “ಅಲ್ಲಿ. ಅಗುಳಿ ಒಳಗಡೆ ಇರ್ಲಿ.”

ಹೊರಗೆ ತೋಟದಲ್ಲಿ ಕಟ್ಟಿದ್ದ ಹಸು ಕೂಗಿತು. ಹಾಲು ಕರೆಯುವ ಹೊತ್ತಾಗಿತ್ತು. ರತ್ನಮ್ಮನಿಗೆ ಅದು ಕೇಳಿಸಿತು. ಎಲ್ಲರಿಗೂ ಕೇಳಿಸಿತು. ನರಸಿಂಹಪ್ಪ ಅಭ್ಯಾಸಬಲದಿಂದ, “ರತ್ನಾ, ಹಸು...” ಎಂದು ಶುರು ಮಾಡಿದವನು ಕೆಂಪು ಸಾಲನ್ನು ನೋಡಿ ನಿಲ್ಲಿಸಿದ. “ಸರಿ ಬಿಡು. ನಾನೇ ನೋಡ್ತೀನಿ,” ಎಂದುಕೊಂಡು, ಮಂಡಿಯ ಮೇಲೆ ಕೈಯೂರಿ, ಚಪ್ಪಲಿ ಇದ್ದ ಕಡೆಗೆ ನಿಧಾನವಾಗಿ ಹೋದ.

ಬಾಗಿಲಿಗೆ ಜಾಗ ಬಿಡಲೆಂದು ಮುನೇಶ್ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಇಡುತ್ತಿದ್ದ. ಒಂದೂ ಸದ್ದು ಮಾಡಲಿಲ್ಲ. ರತ್ನಮ್ಮ ಗೋಡೆಯ ಕಡೆಗೆ ಹೊರಳಿ ಮಲಗಿದಳು.